ಬಣ್ಣ ಬಳಿಯುವ ಮೊದಲು ಚಿಮಣಿ ಮುಚ್ಚಿ

ರೈಲು ಮ್ಯೂಸಿಯಂಗೆ ಬಂದಿಳಿದ ಹಳೆಯ ಡೀಸೆಲ್ ಲೋಕೊಗೆ, ಅಂದರೆ ರೈಲು ಎಳೆಯುವ ಗಾಡಿಗೆ, ಮೊದಲ ದಿನ ಮಾಡಬೇಕಾದ ಕೆಲಸ ತೀರಾ ಸಣ್ಣದು. ಒಂದು ತಗಡಿನ ತುಂಡು, ನಾಲ್ಕು ಬೋಲ್ಟು, ಅರ್ಧ ಗಂಟೆ ಇದ್ದರೆ ಆಯಿತು. ನೆತ್ತಿಯ ಮೇಲೆ ಬಾಯಿ ತೆರೆದುಕೊಂಡಿರುವ ಹೊಗೆಕೊಳವೆಯನ್ನು ಮುಚ್ಚಬೇಕು, ಅಷ್ಟೇ. ನಡೆಯುವುದು ಮಾತ್ರ ಬೇರೆ. ಮೂತಿಗೆ ಹೊಳೆಯುವ ಬಣ್ಣ, ಸುತ್ತ ಸರಪಳಿ ಬೇಲಿ, ಹೆಸರಿನ ಫಲಕ, ಫೋಟೊ ತೆಗೆಸಿಕೊಳ್ಳಲು ಒಂದು ಕಟ್ಟೆ ಎಲ್ಲ ಮುಗಿಯುವಷ್ಟರಲ್ಲಿ ಮೊದಲ ಮುಂಗಾರು ಬಂದು ಹೋಗಿರುತ್ತದೆ.

ಆ ಮಳೆ ಎಲ್ಲಿಗೆ ಹೋಗುತ್ತದೆ ಎಂದು ನೋಡೋಣ. ನಮ್ಮಲ್ಲಿ ಎಲ್ಲರೂ ಕಂಡಿರುವ ಡಬ್ಲ್ಯೂಡಿಎಂ-2 ಲೋಕೊವನ್ನೇ ತೆಗೆದುಕೊಳ್ಳಿ. ಅಮೆರಿಕದ ಆಲ್ಕೊ ಕಂಪನಿಯ ಡಿಎಲ್560ಸಿ ವಿನ್ಯಾಸ ಅದು. ವಾರಾಣಸಿಯ ಡೀಸೆಲ್ ಲೋಕೊಮೋಟಿವ್ ವರ್ಕ್ಸ್‌ನಿಂದ 1964ರ ಜನವರಿಯಲ್ಲಿ ಹೊರಬಂದ ಮೊದಲ ಲೋಕೊ ಕೂಡ ಇದೇ ಜಾತಿಯದು. ಒಳಗಿರುವುದು ವಿ ಆಕಾರದ 16 ಸಿಲಿಂಡರ್‌ಗಳ 251ಬಿ ಎಂಜಿನ್, 2,600 ಅಶ್ವಶಕ್ತಿ. ಹೊಗೆಕೊಳವೆಯ ಕೆಳಗೇ ಟರ್ಬೊ ಇದೆ, ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಯಂತ್ರ. ಬಾಯಿಗೆ ಬಿದ್ದ ಹನಿ ಟರ್ಬೊದ ಚಕ್ರ ದಾಟಿ, ಸಿಲಿಂಡರ್‌ಗಳ ಹೊಗೆ ಬಂದು ಸೇರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ಇಳಿಯುತ್ತದೆ. 16 ಸಿಲಿಂಡರ್‌ಗಳ ನಾಲ್ಕು ಸ್ಟ್ರೋಕ್ ಎಂಜಿನ್ ಯಾವ ಭಂಗಿಯಲ್ಲಿ ನಿಂತರೂ ಕೆಲವು ಸಿಲಿಂಡರ್‌ಗಳ ಎಕ್ಸಾಸ್ಟ್ ವಾಲ್ವ್ ತೆರೆದೇ ಇರುತ್ತದೆ. ನೀರು ಆ ದಾರಿ ಹಿಡಿದು ಪಿಸ್ಟನ್ ತಲೆಯ ಮೇಲೆ ಹೋಗಿ ಕೂರುತ್ತದೆ.

ಒಂದು ಲೆಕ್ಕ ಹಾಕಿದರೆ ಇದರ ಗಂಭೀರತೆ ತಿಳಿಯುತ್ತದೆ. ಸಿಲಿಂಡರ್ ವ್ಯಾಸ 9 ಇಂಚು, ಪಿಸ್ಟನ್ ಓಡುವ ದೂರ ಹತ್ತೂವರೆ ಇಂಚು; ಅಂದರೆ ಒಂದೊಂದು ಸಿಲಿಂಡರ್ ಸುಮಾರು 11 ಲೀಟರ್. ಕಂಪ್ರೆಷನ್ ಅನುಪಾತ 12ರ ಆಸುಪಾಸು. ಪಿಸ್ಟನ್ ತುದಿ ಮುಟ್ಟಿದಾಗ ಮೇಲೆ ಉಳಿಯುವ ಜಾಗ ಹೆಚ್ಚೆಂದರೆ ಒಂದು ಲೀಟರ್. ಕುಡಿಯುವ ನೀರಿನ ಒಂದು ಬಾಟಲಿಯಷ್ಟು ಮಳೆನೀರು ಆ ಸಿಲಿಂಡರ್‌ನಲ್ಲಿದ್ದು, ಯಾರೋ ಉತ್ಸಾಹದಲ್ಲಿ ಬ್ಯಾಟರಿ ಜೋಡಿಸಿ ಸ್ಟಾರ್ಟ್ ಬಟನ್ ಒತ್ತಿದರೆ ಪಿಸ್ಟನ್ನಿಗೆ ಏರಲು ಜಾಗವಿಲ್ಲ. ನೀರು ಅದುಮಿಕೊಳ್ಳುವುದಿಲ್ಲ. ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಲ್ಲವೇ ಸಿಲಿಂಡರ್ ಮೇಲಿನ ಮುಚ್ಚಳ, ಅಂದರೆ ಹೆಡ್, ಸೀಳುತ್ತದೆ. ಬಟನ್ ಒತ್ತದೇ ಇದ್ದರೂ ಆ ನೀರು ಸುಮ್ಮನಿರುವುದಿಲ್ಲ. ಪಿಸ್ಟನ್ ರಿಂಗ್ ನಿಂತ ಜಾಗದಲ್ಲಿ ಸಿಲಿಂಡರ್‌ನ ಒಳಕವಚವಾದ ಲೈನರ್ ಸುತ್ತ ತುಕ್ಕಿನ ಬಳೆ ತೊಡಿಸಿ, ಎರಡನ್ನೂ ಒಂದಾಗಿಸಿಬಿಡುತ್ತದೆ.

ಮುಚ್ಚಳ ಹೇಗಿರಬೇಕು? ಕೊಳವೆಗಿಂತ ಒಂದಂಗುಲ ಹೊರಚಾಚಿದ ಅಂಚು ಕೆಳಮುಖವಾಗಿ ಮಡಚಿರಬೇಕು, ನಡುವೆ ಸ್ವಲ್ಪ ಉಬ್ಬಿರಬೇಕು. ಪ್ಲಾಸ್ಟಿಕ್ ಹಾಳೆ ಸುತ್ತಿ ಹಗ್ಗ ಕಟ್ಟುವುದು ಬೇಡ. ಎರಡು ತಿಂಗಳ ಬಿಸಿಲಿಗೆ ಹರಿದು, ಅದೇ ಜೋಳಿಗೆಯಾಗಿ ನೀರು ಹಿಡಿದು ಒಳಗೆ ಸುರಿಯುತ್ತದೆ. ಮುಚ್ಚಳ ಹಾಕಿದ ದಿನವೇ ಕ್ಯಾಬಿನೊಳಗೆ ಕಂಟ್ರೋಲರ್ ಹಿಡಿಗೆ ಕೆಂಪು ಚೀಟಿಯೊಂದನ್ನು ತಂತಿಯಿಂದ ಕಟ್ಟಿ: ‘ಚಿಮಣಿ ಮುಚ್ಚಿದೆ, ಸ್ಟಾರ್ಟ್ ಮಾಡಬೇಡಿ’. ದಿನಾಂಕ ಬರೆಯುವುದನ್ನು ಮರೆಯಬೇಡಿ.

ನಿಲ್ಲಿಸುವುದೋ, ಓಡಿಸುವುದೋ

ಲೋಕೊ ಮ್ಯೂಸಿಯಂ ಗೇಟು ದಾಟುವ ಮುಂಚೆಯೇ ಈ ಪ್ರಶ್ನೆಗೆ ಉತ್ತರ ಬೇಕು. ಸಾಮಾನ್ಯವಾಗಿ ಎರಡೇ ದಾರಿ ಇವೆ ಎಂದು ಭಾವಿಸುತ್ತಾರೆ: ಬಣ್ಣ ಹೊಡೆದು ಕಟ್ಟೆಯ ಮೇಲೆ ನಿಲ್ಲಿಸುವುದು, ಇಲ್ಲವೇ ಹೊಗೆಯುಗುಳುತ್ತ ಓಡಿಸುವುದು. ನಡುವೆ ಮೂರನೆಯದೊಂದಿದೆ, ನಮ್ಮ ಮ್ಯೂಸಿಯಂಗಳ ಕೈಗೆಟುಕುವುದೂ ಅದೇ. ಎಂಜಿನ್ ಸ್ಟಾರ್ಟ್ ಆಗುವುದು ಬೇಡ, ಆದರೆ ಕೈಯಿಂದ ತಿರುಗಿಸಿದರೆ ತಿರುಗಬೇಕು. ಚಕ್ರ ಉರುಳಬೇಕು, ಬ್ರೇಕು ಬಿಡಬೇಕು, ಮೋಟಾರುಗಳು ಒಣಗಿರಬೇಕು. ಇಷ್ಟು ಕಾಪಾಡಿದ ಲೋಕೊವನ್ನು ಇಪ್ಪತ್ತು ವರ್ಷದ ನಂತರ ಬರುವವರು ಬೇಕಾದರೆ ಓಡಿಸಿಕೊಳ್ಳುತ್ತಾರೆ. ಬರೀ ಬಣ್ಣದಲ್ಲಿ ಉಳಿದದ್ದು ಲೋಕೊದ ಆಕಾರದ ತಗಡಿನ ಡಬ್ಬ.

ಎಷ್ಟೋ ಲೋಕೊಗಳು ಮ್ಯೂಸಿಯಂಗೆ ಬರುವಾಗಲೇ ಡಬ್ಬವಾಗಿರುತ್ತವೆ ಎಂಬುದು ಬೇರೆ ಮಾತು. ಸೇವೆಯಿಂದ ತೆಗೆದ ಲೋಕೊ ರಿಪೇರಿಯ ಶೆಡ್‌ನಲ್ಲಿ ನಿಂತ ಮರುದಿನದಿಂದಲೇ ಅದರ ಎಂಜಿನ್ ವೇಗ ಕಾಯುವ ಗವರ್ನರ್, ಟರ್ಬೊ, ಫ್ಯುಯೆಲ್ ಪಂಪುಗಳು, ಸ್ಪೀಡೋಮೀಟರ್ ಒಂದೊಂದಾಗಿ ಓಡುತ್ತಿರುವ ಲೋಕೊಗಳಿಗೆ ದಾನವಾಗುತ್ತವೆ. ಶೆಡ್‌ನವರ ತಪ್ಪಲ್ಲ ಅದು, ಅವರ ಕೆಲಸವೇ ಅದು. ಹಾಗಾಗಿ ಪತ್ರವ್ಯವಹಾರ ಮುಗಿಯುವವರೆಗೆ ಕಾಯದೆ, ಲೋಕೊ ಓಡುತ್ತಿರುವಾಗಲೇ ಹೋಗಿ ಪಟ್ಟಿ ಮಾಡಬೇಕು. ಯಾವ ಭಾಗ, ಯಾವ ನಂಬರು, ಎಲ್ಲಿದೆ, ಒಂದೊಂದಕ್ಕೂ ಫೋಟೊ. ಜೊತೆಗೆ ಲೋಕೊದ ಹಿಸ್ಟರಿ ಪುಸ್ತಕ, ಕೊನೆಯ ಓವರ್‌ಹಾಲ್ ವಿವರ, ಕೊನೆಯ ಲ್ಯೂಬ್ ಆಯಿಲ್ ಪರೀಕ್ಷೆಯ ಚೀಟಿ. ಗುಜರಿಗೆ ಹೋಗುವ ಕಾಗದದ ಗಂಟಿನಲ್ಲಿ ಇವು ಮೊದಲು ಹೋಗುತ್ತವೆ, ಮತ್ತೆ ಸಿಗುವುದಿಲ್ಲ.

ಬಿಡಿಭಾಗಗಳ ವಿಷಯದಲ್ಲಿ ಆಲ್ಕೊ ಲೋಕೊಗಳ ಅದೃಷ್ಟ ಚೆನ್ನಾಗಿದೆ. ಮೂಲ ಕಂಪನಿ 1969ರಲ್ಲೇ ಲೋಕೊ ತಯಾರಿಕೆ ನಿಲ್ಲಿಸಿದರೂ 251 ಕುಟುಂಬದ ಎಂಜಿನ್ ವಾರಾಣಸಿಯಲ್ಲಿ ದಶಕಗಟ್ಟಲೆ ಬೆಳೆಯಿತು. ಮೀಟರ್‌ಗೇಜ್‌ನ ವೈಡಿಎಂ-4 ಲೋಕೊದ ಆರು ಸಿಲಿಂಡರ್ ಎಂಜಿನ್, ಡಬ್ಲ್ಯೂಡಿಎಂ-3ಎ, ಡಬ್ಲ್ಯೂಡಿಜಿ-3ಎಗಳ 16 ಸಿಲಿಂಡರ್ ಎಂಜಿನ್ ಎಲ್ಲವೂ ಅಣ್ಣತಮ್ಮಂದಿರೇ. ಆದರೆ ಕಣ್ಣಿಗೆ ಒಂದೇ ಥರ ಕಂಡದ್ದೆಲ್ಲ ಒಂದೇ ಅಲ್ಲ. ಹಳೆಯ 2,600 ಅಶ್ವಶಕ್ತಿಯ ಎಂಜಿನ್‌ನ ಫ್ಯುಯೆಲ್ ಪಂಪಿನೊಳಗೆ ಡೀಸೆಲ್ ತಳ್ಳುವ ಪ್ಲಂಜರಿನ ವ್ಯಾಸ 15 ಮಿಲಿಮೀಟರ್. ನಂತರದ ಸುಧಾರಿತ ಎಂಜಿನ್‌ಗಳದ್ದು 17. ಎರಡನ್ನೂ ಬೆರೆಸಿ ಹಾಕಿದರೆ ಕೆಲವು ಸಿಲಿಂಡರ್‌ಗಳಿಗೆ ಇಂಧನ ಹೆಚ್ಚು, ಕೆಲವಕ್ಕೆ ಕಡಿಮೆ. ಎಂಜಿನ್ ಓಡುತ್ತದೆ, ಆದರೆ ನಡುಗುತ್ತ ಓಡುತ್ತದೆ. ಗುಜರಿಯಿಂದ ತಂದ ಪಂಪ್ ಹಾಕುವ ಮುಂಚೆ ಮೈಮೇಲಿನ ಗುರುತು ಓದಿ.

ಕೈಯಿಂದ ತಿರುಗಿಸುವುದು

ಶೆಡ್ ಭಾಷೆಯಲ್ಲಿ ಇದಕ್ಕೆ ಬಾರಿಂಗ್ ಎನ್ನುತ್ತಾರೆ. ಉದ್ದನೆಯ ಬಾರ್ ಸಿಕ್ಕಿಸಿ ಕ್ರ್ಯಾಂಕ್‌ಶಾಫ್ಟನ್ನು ಅಂಗುಲ ಅಂಗುಲವಾಗಿ ತಿರುಗಿಸುವ ಕೆಲಸ. ಇಬ್ಬರಿಗೆ ಬೆವರಿಳಿಸುವಂಥದ್ದು. ಬಾರ್ ಮುಟ್ಟುವ ಮುಂಚೆ ಬ್ಯಾಟರಿಯ ನೈಫ್ ಸ್ವಿಚ್ ಬಿಚ್ಚಿರಬೇಕು. ಬಾರ್ ಸಿಕ್ಕಿಸಿಕೊಂಡಿರುವಾಗ ಯಾರಾದರೂ ಮೇಲೆ ಬಟನ್ ಒತ್ತಿದರೆ ಆ ಬಾರ್ ಕೈಯನ್ನಷ್ಟೇ ಮುರಿದು ನಿಲ್ಲುವುದಿಲ್ಲ. ಸ್ವಿಚ್ಚಿನ ಮೇಲೆ ಬೀಗ, ಬೀಗದ ಕೀಲಿ ಬಾರ್ ಹಿಡಿದವರ ಜೇಬಿನಲ್ಲಿ.

ಆಮೇಲೆ 16 ಹೆಡ್‌ಗಳ ಡಿಕಂಪ್ರೆಷನ್ ಪ್ಲಗ್‌ಗಳನ್ನೂ, ಅಂದರೆ ಸಿಲಿಂಡರ್ ಒಳಗಿನ ಒತ್ತಡ ಹೊರಬಿಡುವ ಬಿರಡೆಗಳನ್ನೂ, ಬಿಚ್ಚಬೇಕು. ಒಂದೆರಡು ಬಿಗಿಯಾಗಿವೆ ಎಂದು ಬಿಟ್ಟುಬಿಟ್ಟರೆ ನೀರು ಇರುವುದು ಅಲ್ಲೇ. ಎಡಕ್ಕೊಬ್ಬರು, ಬಲಕ್ಕೊಬ್ಬರು ಪ್ಲಗ್ ತೂತುಗಳ ಮೇಲೆ ಕಣ್ಣಿಟ್ಟು ನಿಲ್ಲಬೇಕು. ಕ್ರ್ಯಾಂಕ್‌ಶಾಫ್ಟ್ ಪೂರ್ತಿ ಎರಡು ಸುತ್ತು ಬಂದರೇನೇ ನಾಲ್ಕು ಸ್ಟ್ರೋಕ್ ಎಂಜಿನ್‌ನ ಒಂದು ಚಕ್ರ ಮುಗಿಯುವುದು. ಒಂದೇ ಸುತ್ತಿಗೆ ನಿಲ್ಲಿಸಿದರೆ ಅರ್ಧ ಸಿಲಿಂಡರ್‌ಗಳನ್ನು ನೋಡಿದ ಹಾಗೆ. ತೂತಿನಿಂದ ಏನು ಚಿಮ್ಮಿತು ಎಂಬುದೇ ರೋಗನಿರ್ಣಯ. ಕೆಂಪು ತುಕ್ಕು ನೀರು ಬಂದರೆ ಮಳೆ. ಬಣ್ಣ ಬೆರೆತ ನೀರು ಅಥವಾ ಜಿಡ್ಡಿಲ್ಲದ ತಿಳಿ ನೀರು ಬಂದರೆ ಕೂಲಿಂಗ್ ನೀರು, ಅಂದರೆ ಹೆಡ್ ಬಿರುಕು ಬಿಟ್ಟಿರಬಹುದು ಅಥವಾ ಟರ್ಬೊದ ಗಾಳಿಯನ್ನು ತಣಿಸುವ ಆಫ್ಟರ್‌ಕೂಲರ್ ಸೋರುತ್ತಿರಬಹುದು. ಡೀಸೆಲ್ ವಾಸನೆ ಬಂದರೆ ಇಂಜೆಕ್ಟರ್ ನಾಝಲ್ ಮುಚ್ಚಿಕೊಳ್ಳುತ್ತಿಲ್ಲ.

ತಿಂಗಳಿಗೊಮ್ಮೆ ಇದನ್ನು ಮಾಡುವಾಗ ಪ್ರತಿಸಲ ಬೇರೆ ಭಂಗಿಯಲ್ಲಿ ನಿಲ್ಲಿಸಿ. ಸೀಮೆಸುಣ್ಣದಿಂದ ಗುರುತು ಹಾಕಿ, ಹೋದ ತಿಂಗಳಿಗಿಂತ ಕಾಲು ಸುತ್ತು ಮುಂದೆ ಬಿಟ್ಟರೆ ಸಾಕು. ಅದೇ ವಾಲ್ವ್ ಸ್ಪ್ರಿಂಗ್‌ಗಳು ವರ್ಷಗಟ್ಟಲೆ ಅದುಮಿಕೊಂಡಿರುವುದು, ಅದೇ ಬೇರಿಂಗ್ ಜಾಗದಿಂದ ಎಣ್ಣೆ ಹಿಂಡಿ ಹೋಗುವುದು ತಪ್ಪುತ್ತದೆ.

ತಿರುಗದೇ ಇದ್ದರೆ? ಬಾರ್‌ಗೆ ಪೈಪು ಸಿಕ್ಕಿಸಿ ಉದ್ದ ಮಾಡುವುದು, ಜ್ಯಾಕ್ ಕೊಡುವುದು ಬೇಡ. ಮೊದಲು ಹಿಡಿದಿರುವುದು ಎಂಜಿನ್ನೇ ಹೌದೋ ನೋಡಿ. ಕ್ರ್ಯಾಂಕ್‌ಶಾಫ್ಟಿನ ಒಂದು ತುದಿಗೆ ಮೇನ್ ಜನರೇಟರ್, ಇನ್ನೊಂದು ತುದಿಗೆ ಎಕ್ಸ್‌ಪ್ರೆಸರ್, ಅದರಾಚೆ ರೇಡಿಯೇಟರ್ ಫ್ಯಾನಿನ ಗೇರ್‌ಬಾಕ್ಸ್ ಜೋಡಿಕೊಂಡಿವೆ. ಗಾಳಿ ಒತ್ತುವ, ವ್ಯಾಕ್ಯೂಮ್ ಎಳೆಯುವ ಎರಡೂ ಕೆಲಸ ಮಾಡುವ ಎಕ್ಸ್‌ಪ್ರೆಸರ್‌ನ ಸಿಲಿಂಡರ್‌ಗಳಿಗೂ ತುಕ್ಕು ಹಿಡಿಯುತ್ತದೆ, ಅದೂ ಬೇಗ. ಕಪ್ಲಿಂಗ್ ಬಿಚ್ಚಿ ಮತ್ತೆ ಬಾರ್ ಹಾಕಿದಾಗ ಎಂಜಿನ್ ಸರಾಗವಾಗಿ ತಿರುಗಿದ್ದುಂಟು. ಎಂಜಿನ್ನೇ ಹಿಡಿದಿದ್ದರೆ ಇಂಜೆಕ್ಟರ್ ತೆಗೆದು, ಒಂದೊಂದು ಸಿಲಿಂಡರ್‌ಗೂ ಡೀಸೆಲ್ ಮತ್ತು ತೆಳು ಎಣ್ಣೆ ಸಮಸಮ ಬೆರೆಸಿ 200 ಮಿಲಿಲೀಟರ್‌ನಷ್ಟು ಸುರಿದು ವಾರಗಟ್ಟಲೆ ಬಿಡಬೇಕು. ದಿನಕ್ಕೊಮ್ಮೆ ಬಾರ್ ಹಾಕಿ ಹಿಂದಕ್ಕೂ ಮುಂದಕ್ಕೂ ಕೂದಲೆಳೆಯಷ್ಟು ಅಲುಗಾಡಿಸಿ. ಅಷ್ಟಕ್ಕೂ ಬಿಡದಿದ್ದರೆ ಹೆಡ್ ಬಿಚ್ಚಿ ನೋಡುವುದೊಂದೇ ದಾರಿ.

ನೀರು, ಎಣ್ಣೆ, ಡೀಸೆಲ್

ಕೂಲಿಂಗ್ ವ್ಯವಸ್ಥೆಯಲ್ಲಿ ಸುಮಾರು 1,200 ಲೀಟರ್ ನೀರಿರುತ್ತದೆ. ನಿಲ್ಲಿಸುವ ಲೋಕೊದಲ್ಲಿ ಅದನ್ನು ಪೂರ್ತಿ ಇಳಿಸಬೇಕು. ಕೆಳಗಿನ ದೊಡ್ಡ ಕಾಕ್ ಬಿಚ್ಚಿದರೆ ಪೂರ್ತಿ ಇಳಿದಂತೆ ಕಾಣುತ್ತದೆ, ಆದರೆ ವಾಟರ್ ಪಂಪಿನ ಹೊಟ್ಟೆಯಲ್ಲಿ, ಆಫ್ಟರ್‌ಕೂಲರ್‌ನಲ್ಲಿ, ಲ್ಯೂಬ್ ಆಯಿಲ್ ಕೂಲರ್‌ನಲ್ಲಿ, ಟರ್ಬೊದ ಕವಚದಲ್ಲಿ ನೀರು ಉಳಿದಿರುತ್ತದೆ. ಒಂದೊಂದಕ್ಕೂ ಬೇರೆ ಪ್ಲಗ್ ಇದೆ. ಮೇಲಿನ ವೆಂಟ್ ಬಿಚ್ಚಿ ಕಡಿಮೆ ಒತ್ತಡದ ಒಣ ಗಾಳಿ ಊದಿದರೆ ಕೊನೆಯ ಹನಿಯೂ ಬರುತ್ತದೆ. ಚಳಿ ದೇಶಗಳ ಮ್ಯೂಸಿಯಂನವರು ನೀರು ಹೆಪ್ಪುಗಟ್ಟಿ ಬ್ಲಾಕ್ ಸೀಳುತ್ತದೆಂದು ಹೆದರುತ್ತಾರೆ. ನಮಗೆ ಆ ಭಯವಿಲ್ಲ. ನಮ್ಮ ಭಯ ಅರ್ಧ ನೀರು, ಅರ್ಧ ಗಾಳಿ. ಪೂರ್ತಿ ತುಂಬಿದ ಕೊಳವೆಗಿಂತ ಅರ್ಧ ತುಂಬಿದ ಕೊಳವೆ ಬೇಗ ತುಕ್ಕು ತಿನ್ನುತ್ತದೆ.

ಇಳಿಸಿದ ನೀರನ್ನು ಚರಂಡಿಗೆ ಬಿಡುವ ಮುಂಚೆ ಬಣ್ಣ ನೋಡಿ. ಹಳೆಯ ಕಾಲದಲ್ಲಿ ತುಕ್ಕು ತಡೆಯಲು ಕ್ರೋಮೇಟ್ ಬೆರೆಸುತ್ತಿದ್ದರು, ಅದು ವಿಷ. ಹಳದಿ ಛಾಯೆ ಕಂಡರೆ, ಕೊಳವೆಗಳ ಅಂಚಿನಲ್ಲಿ ಹಳದಿ ಪುಡಿ ಕಂಡರೆ ಕೈಗವಸು ಹಾಕಿಕೊಂಡು ಡ್ರಮ್ಮಿನಲ್ಲಿ ಹಿಡಿದು, ಅಪಾಯಕಾರಿ ತ್ಯಾಜ್ಯ ಎಂದೇ ವಿಲೇವಾರಿ ಮಾಡಬೇಕು. ಓಡಿಸುವ ಲೋಕೊಗೆ ಮತ್ತೆ ತುಂಬುವಾಗ ಬೋರ್‌ವೆಲ್ ನೀರು ಬೇಡವೇ ಬೇಡ. ನಮ್ಮ ಬಯಲುಸೀಮೆಯ ಗಡಸು ನೀರು ಪಾತ್ರೆಗೆ ಬಿಳಿ ಪದರ ಕಟ್ಟುವುದನ್ನು ಕಂಡವರಿಗೆ ಲೈನರ್ ಹೊರಮೈಗೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ಡಿಮಿನರಲೈಸ್ಡ್ ನೀರು, ಅದಕ್ಕೆ ಬೋರೇಟ್-ನೈಟ್ರೈಟ್ ಮಾದರಿಯ ತುಕ್ಕು ನಿರೋಧಕ, ಡಬ್ಬದ ಮೇಲೆ ಬರೆದ ಪ್ರಮಾಣದಲ್ಲಿ.

ಲ್ಯೂಬ್ ಆಯಿಲ್ ಸಂಪಿನಲ್ಲಿ 900 ಲೀಟರಿಗೂ ಮೇಲೆ ಎಣ್ಣೆ ಹಿಡಿಯುತ್ತದೆ. ವರ್ಷಗಟ್ಟಲೆ ನಿಂತ ಎಂಜಿನ್‌ನಲ್ಲಿ ಡಿಪ್‌ಸ್ಟಿಕ್ ನೋಡಿ ಸಮಾಧಾನಪಡುವುದು ಮೋಸ. ಮಟ್ಟ ಏರಿದ್ದರೆ ಅದು ಸಂತೋಷದ ಸುದ್ದಿಯಲ್ಲ. ನೀರು ಎಣ್ಣೆಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ತಳದ ಡ್ರೈನಿನಿಂದ ಮೊದಲ ಒಂದು ಲೀಟರನ್ನು ಗಾಜಿನ ಬಾಟಲಿಗೆ ಹಿಡಿದು ಒಂದು ರಾತ್ರಿ ಬಿಡಿ. ಕೆಳಗೆ ನೀರು ಬೇರೆಯಾಗಿ ನಿಂತರೆ ಗೊತ್ತಾಗುತ್ತದೆ. ಎಣ್ಣೆ ಕಾಫಿಗೆ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ಪರೀಕ್ಷೆಯೂ ಬೇಡ. ಅನುಮಾನವಿದ್ದರೆ ಕಾದ ತಗಡಿನ ಮೇಲೆ ಒಂದು ಹನಿ ಬಿಡಿ: ಸುಮ್ಮನೆ ಹರಡಿದರೆ ಸರಿ, ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಸಿಡಿದರೆ ನೀರಿದೆ.

ನೀರು ಎಲ್ಲಿಂದ ಬಂತು ಎಂದು ಹುಡುಕಲು ಒಂದು ಹಳೆಯ ಉಪಾಯವಿದೆ. ಕ್ರ್ಯಾಂಕ್‌ಕೇಸ್ ಬಾಗಿಲುಗಳನ್ನೆಲ್ಲ ಬಿಚ್ಚಿ, ಒಂದೊಂದು ಲೈನರ್ ಕೆಳಗೂ ಕಂದು ಕಾಗದದ ತುಂಡು ಹಾಸಿ, ಮೇಲೆ ಸಿಲಿಂಡರ್ ನಂಬರ್ ಬರೆಯಿರಿ: ಬಲ 1ರಿಂದ 8, ಎಡ 1ರಿಂದ 8. ಕೂಲಿಂಗ್ ವ್ಯವಸ್ಥೆಗೆ ನೀರು ತುಂಬಿ ಒಂದು ದಿನ ಬಿಡಿ. ಮರುದಿನ ಯಾವ ಕಾಗದದ ಮೇಲೆ ಒದ್ದೆ ಕಲೆ ಇದೆಯೋ ಆ ಲೈನರ್‌ನ ರಬ್ಬರ್ ರಿಂಗು ಹೋಗಿದೆ. ವರ್ಷಗಟ್ಟಲೆ ಒಣಗಿ ನಿಂತ ರಬ್ಬರ್ ಗಟ್ಟಿಯಾಗಿ ಬಳೆಯಂತಾಗಿರುತ್ತದೆ, ಉಗುರಿನಿಂದ ಒತ್ತಿದರೆ ತಗ್ಗುವುದಿಲ್ಲ. ಒಂದು ಸೋರಿದರೆ ಉಳಿದ ಹದಿನೈದೂ ಸರದಿಯಲ್ಲಿವೆ ಎಂದೇ ಲೆಕ್ಕ. ಹಣವಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಕಾಗದ ಹಾಸಿದ್ದು ಹದಿನಾರು, ತೆಗೆದದ್ದೂ ಹದಿನಾರು ಎಂದು ಎಣಿಸಿದ ಮೇಲೆಯೇ ಬಾಗಿಲು ಮುಚ್ಚಿ. ಉಳಿದ ಒಂದು ಕಾಗದ ಲ್ಯೂಬ್ ಪಂಪಿನ ಬಾಯಿಗೆ ಹೋಗಿ ಕೂತರೆ ಇಡೀ ಎಂಜಿನ್ ಬಲಿ.

ಹೊಸ ಎಣ್ಣೆ ತರುವಾಗ ಎಂಜಿನ್ ಯಾವ ಮನೆತನದ್ದು ಎಂದು ನೆನಪಿರಲಿ. ಜನರಲ್ ಮೋಟಾರ್ಸ್ ಮೂಲದ ಎರಡು ಸ್ಟ್ರೋಕ್ ಎಂಜಿನ್‌ಗಳಲ್ಲಿ, ಅಂದರೆ 1962ರಲ್ಲಿ ಬಂದ ಡಬ್ಲ್ಯೂಡಿಎಂ-4ರಂಥವುಗಳಲ್ಲಿ, ಪಿಸ್ಟನ್ ಪಿನ್ ಬೇರಿಂಗಿಗೆ ಬೆಳ್ಳಿಯ ಲೇಪ. ಸತು ಬೆರೆತ ಸಾಮಾನ್ಯ ಲಾರಿ ಎಣ್ಣೆ ಆ ಬೆಳ್ಳಿಯನ್ನು ತಿನ್ನುತ್ತದೆ. ಅದಕ್ಕೆ ಸತುವಿಲ್ಲದ ರೈಲ್ವೆ ಎಣ್ಣೆಯೇ ಬೇಕು.

ಡೀಸೆಲ್ ಟ್ಯಾಂಕು 5,000 ಲೀಟರಿನದು. ಪ್ರದರ್ಶನದ ಲೋಕೊದಲ್ಲಿ ಅದನ್ನು ಖಾಲಿ ಮಾಡಿ, ತಳದ ಕೆಸರು ತೆಗೆದು, ಒಳಮೈಗೆ ಎಣ್ಣೆ ಸಿಂಪಡಿಸಿ ಮುಚ್ಚಬೇಕು. ಜನ ಓಡಾಡುವ ಜಾಗದಲ್ಲಿ ಡೀಸೆಲ್ ತುಂಬಿದ ಟ್ಯಾಂಕು ಇಟ್ಟುಕೊಳ್ಳಲು ಕಾರಣವೇ ಇಲ್ಲ. ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಮಾಡುವುದು ಇನ್ನೂ ಅಪಾಯ. ಡೀಸೆಲ್ ಹೋದರೂ ಆವಿ ಉಳಿದಿರುತ್ತದೆ.

ಮೊದಲ ಸ್ಟಾರ್ಟ್

ಓಡಿಸುವುದೆಂದೇ ತೀರ್ಮಾನಿಸಿದವರಿಗೆ ಅತಿ ದೊಡ್ಡ ಅಪಾಯ ಎಂಜಿನ್ ಸ್ಟಾರ್ಟ್ ಆಗದಿರುವುದಲ್ಲ, ಸ್ಟಾರ್ಟ್ ಆಗಿ ನಿಲ್ಲದಿರುವುದು. 16 ಸಿಲಿಂಡರ್‌ಗೂ ಒಂದೊಂದು ಫ್ಯುಯೆಲ್ ಪಂಪ್, ಒಂದೊಂದಕ್ಕೂ ಇಂಧನ ಹೆಚ್ಚು ಕಡಿಮೆ ಮಾಡುವ ಹಲ್ಲುಪಟ್ಟಿಯಂಥ ರ‍್ಯಾಕ್. ಪ್ಲಂಜರ್ ಮತ್ತು ಬ್ಯಾರೆಲ್ ನಡುವಿನ ಸಂದು ಮೈಕ್ರಾನ್ ಲೆಕ್ಕದ್ದು. ಹಳೆಯ ಡೀಸೆಲ್ ಒಣಗಿ ಅಂಟಾದರೆ ಸಾಕು, ರ‍್ಯಾಕ್ ಇದ್ದಲ್ಲೇ ಕಚ್ಚಿಕೊಳ್ಳುತ್ತದೆ. ಇಂಧನ ಕೊಡುವ ಸ್ಥಾನದಲ್ಲಿ ಕಚ್ಚಿಕೊಂಡಿದ್ದರೆ ಗವರ್ನರ್ ಎಷ್ಟು ಎಳೆದರೂ ಅದು ಸುರಿಯುತ್ತಲೇ ಇರುತ್ತದೆ. ಅದಕ್ಕೆ ಒಂದೊಂದು ರ‍್ಯಾಕನ್ನೂ ಲಿಂಕ್ ಬಿಚ್ಚಿ ಬೆರಳಿನಿಂದ ತಳ್ಳಿ ನೋಡಬೇಕು. ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಗಬೇಕು, ಬಿಟ್ಟಲ್ಲಿಂದ ಜಿಗಿಯಬಾರದು, ಕಚ್ಚಬಾರದು. ಕಚ್ಚಿದ ಪಂಪನ್ನು ಸುತ್ತಿಗೆಯಿಂದ ಬಡಿಯದೆ ಬಿಚ್ಚಿ ಶೆಡ್‌ನ ಫ್ಯುಯೆಲ್ ಪಂಪ್ ರೂಮಿಗೆ ಕಳಿಸಿ. ಎಲ್ಲ ಜೋಡಿಸಿದ ಮೇಲೆ, ಎಲ್ಲ ಪಂಪುಗಳನ್ನೂ ಒಟ್ಟಿಗೆ ಹಿಡಿದಿರುವ ಲೇ ಶಾಫ್ಟ್ ಒತ್ತಿದಾಗ 16 ರ‍್ಯಾಕ್‌ಗಳೂ ಒಟ್ಟಿಗೆ ಸೊನ್ನೆಗೆ ಬರುತ್ತವೆಯೇ ನೋಡಿ. ವೇಗ ಮಿತಿ ಮೀರಿದರೆ ಎಂಜಿನ್ ನಿಲ್ಲಿಸುವ ಓವರ್‌ಸ್ಪೀಡ್ ಟ್ರಿಪ್ಪನ್ನು ಕೈಯಿಂದ ಬಿಡಿಸಿ ಮತ್ತೆ ಕೂರಿಸಿ ನೋಡಿ.

ಹಳೆಯ ಡಬ್ಲ್ಯೂಡಿಎಂ-2ರಲ್ಲಿ ಸ್ಟಾರ್ಟ್ ಮುಂಚೆ ಎಣ್ಣೆ ಏರಿಸುವ ಪ್ರತ್ಯೇಕ ಪಂಪ್ ಇಲ್ಲ. ದಿನಾ ಓಡುವ ಲೋಕೊಗೆ ಅದರ ಅಗತ್ಯ ಬೀಳುತ್ತಿರಲಿಲ್ಲ. ಬೇರಿಂಗಿನಲ್ಲಿ ನೆನ್ನೆಯ ಎಣ್ಣೆ ಇರುತ್ತಿತ್ತು. ಐದು ವರ್ಷ ನಿಂತ ಎಂಜಿನ್‌ನಲ್ಲಿ ಅದು ಒಣಗಿದೆ. ಹೊರಗಿನಿಂದ ಸಣ್ಣ ಮೋಟಾರ್ ಪಂಪ್ ತಂದು ಲ್ಯೂಬ್ ಹೆಡರ್‌ಗೆ ಜೋಡಿಸಿ, ಸೋಸಿದ ಎಣ್ಣೆಯನ್ನು ಚದರ ಸೆಂಟಿಮೀಟರಿಗೆ ಒಂದು ಕೆಜಿ ಒತ್ತಡದಲ್ಲಿ ಹಾಯಿಸುತ್ತ, ಜೊತೆಗೇ ಬಾರ್ ತಿರುಗಿಸುತ್ತ ಹೋಗಬೇಕು. ಕ್ರ್ಯಾಂಕ್‌ಕೇಸ್ ಬಾಗಿಲಲ್ಲಿ ಟಾರ್ಚ್ ಬಿಟ್ಟು ಒಂದೊಂದು ಬೇರಿಂಗಿನ ಅಂಚಿನಿಂದಲೂ ಎಣ್ಣೆ ತೊಟ್ಟಿಕ್ಕುವುದನ್ನು, ಮೇಲೆ ರಾಕರ್‌ಗಳು ಒದ್ದೆಯಾಗುವುದನ್ನು ಕಣ್ಣಾರೆ ನೋಡುವವರೆಗೆ ಸ್ಟಾರ್ಟ್ ಮಾತೆತ್ತಬೇಡಿ. ಯಾವುದೋ ಒಂದು ಬೇರಿಂಗ್ ಒಣಗಿಯೇ ಇದ್ದರೆ ಅದರ ದಾರಿ ಕಟ್ಟಿದೆ.

ಸ್ಟಾರ್ಟ್ ದಿನ, ಎಂಜಿನ್ ನಿಲ್ಲದಿದ್ದರೆ ಇಂಧನ ಕಡಿಯಲು, ಲೇ ಶಾಫ್ಟ್ ಪಕ್ಕ ಒಬ್ಬರು ನಿಲ್ಲಲೇಬೇಕು, ಬೇರೆ ಯಾವ ಕೆಲಸವನ್ನೂ ಅವರಿಗೆ ಹೇಳಬಾರದು. ಚಿಮಣಿಯ ಮುಚ್ಚಳ ತೆಗೆದಿದೆಯೇ? ಕೆಂಪು ಚೀಟಿ ಕೈಗೆ ಬಂದಿದೆಯೇ? ಮೊದಲು ಡಿಕಂಪ್ರೆಷನ್ ಪ್ಲಗ್ ಬಿಚ್ಚಿಟ್ಟೇ ಎರಡು ಸುತ್ತು ಬಾರ್, ಆಮೇಲೆ ಪ್ಲಗ್ ಬಿಗಿ, ಆಮೇಲೆ ಬ್ಯಾಟರಿ. ಈ ಲೋಕೊದಲ್ಲಿ ಎಂಟು ಬ್ಯಾಟರಿಗಳು, ಒಂದೊಂದು ಎಂಟು ವೋಲ್ಟ್, ಒಟ್ಟು 64. ಅರೆಜೀವ ಬ್ಯಾಟರಿಯಿಂದ ಕ್ರ್ಯಾಂಕ್ ಮಾಡಿದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ, ಕಾಂಟ್ಯಾಕ್ಟರ್ ತುದಿಗಳು ಸುಡುತ್ತವೆ. ಎಂಜಿನ್ ಹಿಡಿದ ಕೂಡಲೇ ಕಣ್ಣು ಲ್ಯೂಬ್ ಪ್ರೆಷರ್ ಮೇಲಿರಲಿ. ಪ್ರೆಷರ್ ಸ್ವಿಚ್ ಸುಮಾರು 1.8 ಕೆಜಿಗೆ ಹಿಡಿದು, 1.3ಕ್ಕೆ ಇಳಿದರೆ ಎಂಜಿನ್ ನಿಲ್ಲಿಸುತ್ತದೆ. ಆ ಸ್ವಿಚ್ಚನ್ನು ತಂತಿಯಿಂದ ಅಡ್ಡಕಟ್ಟಿ ‘ಸದ್ಯಕ್ಕೆ’ ಓಡಿಸುವ ಬುದ್ಧಿವಂತಿಕೆ ಬೇಡ.

ಮೊದಲ ಓಟ ಹತ್ತು ನಿಮಿಷ ಸಾಕು, ಐಡಲ್‌ನಲ್ಲೇ, 400 ಆರ್‌ಪಿಎಂ. ನಿಲ್ಲಿಸಿ ಬೇರಿಂಗ್ ಮುಟ್ಟಿ ನೋಡುವ ಆತುರ ಎಲ್ಲರಿಗೂ ಇರುತ್ತದೆ. ಆದರೆ ಬಿಸಿ ಕ್ರ್ಯಾಂಕ್‌ಕೇಸ್‌ನೊಳಗೆ ಎಣ್ಣೆಯ ಮಂಜು ತುಂಬಿರುತ್ತದೆ. ಒಳಗೆಲ್ಲೋ ಒಂದು ಬೇರಿಂಗ್ ಕೆಂಪಗೆ ಕಾದಿದ್ದು, ಬಾಗಿಲು ತೆಗೆದು ಹೊಸ ಗಾಳಿ ಕೊಟ್ಟರೆ ಸ್ಫೋಟವಾಗುತ್ತದೆ. ಇಪ್ಪತ್ತು ನಿಮಿಷ ಕಾದು ತೆಗೆಯಿರಿ. ಕೈಬೆನ್ನಿನಿಂದ ಒಂದೊಂದು ಬೇರಿಂಗ್ ಕ್ಯಾಪ್ ಮುಟ್ಟುತ್ತ ಹೋದರೆ ಎಲ್ಲವೂ ಒಂದೇ ಬಿಸಿ ಇರಬೇಕು. ಯಾವುದೋ ಒಂದು ಪಕ್ಕದ್ದಕ್ಕಿಂತ ಹೆಚ್ಚು ಕಾದಿದ್ದರೆ ಕೆಲಸ ಅಲ್ಲಿಗೇ ನಿಲ್ಲಲಿ. ಲ್ಯೂಬ್ ಫಿಲ್ಟರ್ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಒದರಿ, ಹೊಳೆಯುವ ಚೂರುಗಳಿವೆಯೇ ನೋಡಿ.

ನಿಂತೇ ಕೆಡುವ ಮೋಟಾರುಗಳು

ಆರು ಆಕ್ಸಲ್, ಆರು ಟ್ರ್ಯಾಕ್ಷನ್ ಮೋಟಾರ್. ಎಂಜಿನ್ ಜನರೇಟರ್ ತಿರುಗಿಸಿ ಹುಟ್ಟಿಸಿದ ವಿದ್ಯುತ್ತಿನಿಂದ ಚಕ್ರ ಉರುಳಿಸುವುದು ಇವೇ. ಎಂಜಿನ್ ಸ್ಟಾರ್ಟ್ ಮಾಡುವ ಸಡಗರದಲ್ಲಿ ಕೆಳಗೆ ಕತ್ತಲಲ್ಲಿರುವ ಇವನ್ನು ಯಾರೂ ಬಗ್ಗಿ ನೋಡುವುದಿಲ್ಲ. ವಿದ್ಯುತ್ ಹಾಯಿಸುವ ಕಾರ್ಬನ್ ಬ್ರಶ್, ಮೋಟಾರಿನೊಳಗೆ ತಿರುಗುವ ತಾಮ್ರದ ಕಮ್ಯುಟೇಟರ್ ಮೇಲೆ ಒಂದೇ ಜಾಗದಲ್ಲಿ ಎರಡು ಮಳೆಗಾಲ ಕೂತರೆ ತೇವ ಸೇರಿ ಬ್ರಶ್ಶಿನ ಅಚ್ಚೇ ಹಸಿರು ಕಲೆಯಾಗಿ ಮೂಡುತ್ತದೆ. ಮುಂದೆ ಓಡಿಸಿದಾಗ ಬ್ರಶ್ ಆ ಕಲೆಯ ಮೇಲೆ ಜಿಗಿದು ಕಿಡಿ ಹಾರಿಸುತ್ತದೆ. ನಿಲ್ಲಿಸುವ ಲೋಕೊದಲ್ಲಿ ಬ್ರಶ್‌ಗಳನ್ನು ತೆಗೆದು, ಹೋಲ್ಡರ್ ನಂಬರ್ ಬರೆದ ಲಕೋಟೆಯಲ್ಲಿ ಇಡಿ. ಕಮ್ಯುಟೇಟರ್ ಉಜ್ಜಲೇಬೇಕಾದರೆ ನಯವಾದ ಗಾಜುಕಾಗದ ಬಳಸಿ. ಎಮರಿ ಬೇಡ, ಅದರ ಪುಡಿ ವಿದ್ಯುತ್ ಹಾಯಿಸುತ್ತದೆ, ತಾಮ್ರದ ಪಟ್ಟಿಗಳ ನಡುವಿನ ಸಂದಿನಲ್ಲಿ ಸಿಕ್ಕಿಕೊಂಡರೆ ಶಾರ್ಟ್.

ಇನ್ಸುಲೇಷನ್ ಅಳೆಯುವ 500 ವೋಲ್ಟ್ ಮೆಗ್ಗರ್ ಹಾಕಿದಾಗ ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಮೋಟಾರ್ ಕೆಟ್ಟಿತೆಂದು ಹೆದರಬೇಕಿಲ್ಲ, ಬಹುಪಾಲು ಅದು ತೇವ. ತಪಾಸಣೆ ಬಾಗಿಲು ತೆಗೆದು ಒಳಗೆ 200 ವ್ಯಾಟಿನ ಎರಡು ಹಳೆಯ ಬಲ್ಬು ಇಳಿಬಿಟ್ಟು, ಮೇಲೆ ಗೋಣಿಚೀಲ ಮುಚ್ಚದೆ ಆವಿ ಹೋಗಲು ಜಾಗ ಬಿಟ್ಟು, ಎರಡು ಮೂರು ದಿನ ಒಣಗಿಸಿ. ದಿನಕ್ಕೆರಡು ಸಲ ಓದಿ ಬರೆದಿಡಿ. ಮೊದಲು ಸ್ವಲ್ಪ ಇಳಿದು ಆಮೇಲೆ ಏರುವುದು ಸಹಜ. ಹೆಚ್ಚಿನ ವೋಲ್ಟೇಜಿನ ಹೈ-ಪಾಟ್ ಪರೀಕ್ಷೆಯನ್ನು ಅರ್ಧ ಶತಮಾನದ ಇನ್ಸುಲೇಷನ್‌ಗೆ ಮಾಡಲೇಬೇಡಿ. ಅದು ಪರೀಕ್ಷೆಯಲ್ಲ, ಮರಣದಂಡನೆ. ಕ್ಯಾಬ್ ಹಿಂದಿನ ಕಂಟ್ರೋಲ್ ಕಂಪಾರ್ಟ್‌ಮೆಂಟಿನ ಹಳೆಯ ರಬ್ಬರ್ ವೈರುಗಳನ್ನು ಅಂದವಾಗಿ ಮತ್ತೆ ಕಟ್ಟಲು ಬಗ್ಗಿಸಿದರೆ ಹಪ್ಪಳದಂತೆ ಮುರಿಯುತ್ತವೆ, ಮುಟ್ಟದೆ ಬಿಡಿ.

ಹಳೆಯ ಮೋಟಾರುಗಳಲ್ಲಿ ಆಕ್ಸಲ್ ಮೇಲೆ ಕೂರುವ ಸಸ್ಪೆನ್ಷನ್ ಬೇರಿಂಗ್ ಲೋಹದ ಬುಶ್ಶು. ಬತ್ತಿ ಹೀರಿದ ಎಣ್ಣೆಯಿಂದ ಬದುಕುತ್ತದೆ. ಬತ್ತಿ ಒಣಗಿದ ಲೋಕೊವನ್ನು ಶೆಡ್‌ನಿಂದ ಮ್ಯೂಸಿಯಂವರೆಗೆ ಎಳೆದು ತಂದರೆ ದಾರಿಯಲ್ಲೇ ಬುಶ್ ಸುಟ್ಟು ಆಕ್ಸಲ್ ಗೀರುತ್ತದೆ. ಎಳೆಯುವ ಮುಂಚಿನ ದಿನ ಆರೂ ಮೋಟಾರಿನ ಎಣ್ಣೆಗುಂಡಿ ತುಂಬಿ, ಓಡುವ ದಿಕ್ಕು ಬದಲಿಸುವ ರಿವರ್ಸರ್ ನ್ಯೂಟ್ರಲ್‌ಗೆ ಹಾಕಿ ಬೀಗ ಜಡಿದು, ಐದು ಕಿಲೋಮೀಟರ್‌ಗೊಮ್ಮೆ ನಿಲ್ಲಿಸಿ ಕೈಯಿಟ್ಟು ನೋಡಬೇಕು. ಮ್ಯೂಸಿಯಂನಲ್ಲಿ ನಿಂತ ಮೇಲೂ ಎರಡು ಮೂರು ತಿಂಗಳಿಗೊಮ್ಮೆ ನಾಲ್ಕೈದು ಮೀಟರ್ ಸರಿಸಿ. 112 ಟನ್ ಭಾರ ಅದೇ ರೋಲರ್‌ಗಳ ಮೇಲೆ ಕೂತು ಗುಳಿ ಬೀಳುವುದು ತಪ್ಪುತ್ತದೆ.

ಕೊನೆಗೂ ಬಣ್ಣ

ಮೈಮೇಲಿನ ತುಕ್ಕು ಕಾಣುವಲ್ಲಿ ಅಲ್ಲ, ನೀರು ನಿಲ್ಲುವಲ್ಲಿ. ಬ್ಯಾಟರಿ ಪೆಟ್ಟಿಗೆಯ ತಳ, ಕ್ಯಾಬಿನ ನೆಲಹಾಸಿನ ಕೆಳಗೆ, ರೇಡಿಯೇಟರ್ ಕೋಣೆಯ ಮೂಲೆಗಳು, ಓಡಾಡುವ ಪಟ್ಟಿಗೂ ಹುಡ್‌ಗೂ ನಡುವಿನ ಸಂದು. ರೇಡಿಯೇಟರ್ ಜಾಲರಿಯಲ್ಲಿ ಸೇರಿದ ಎಲೆಗೊಬ್ಬರದಲ್ಲಿ ಅರಳಿ ಸಸಿ ಹುಟ್ಟಿದರೆ ಅದನ್ನು ಕಿತ್ತು ಎಸೆದು ಸುಮ್ಮನಾಗಬೇಡಿ, ಬೇರಿನ ಕೆಳಗಿನ ತಗಡು ಆಗಲೇ ಕರಗಿರುತ್ತದೆ. ಬ್ರೇಕ್ ಪೈಪಿನ ತೆರೆದ ಬಾಯಿಗಳಲ್ಲಿ ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಎಲ್ಲ ಬಾಯಿಗಳಿಗೂ ಜಾಲರಿ ಕಟ್ಟಿ. ಬ್ಯಾಟರಿ ಆಸಿಡ್ ಚೆಲ್ಲಿದ ಕಡೆ ಅಡುಗೆ ಸೋಡ ಕದಡಿದ ನೀರು ಸುರಿದು, ನೊರೆ ನಿಲ್ಲುವವರೆಗೆ ತೊಳೆದು ಒಣಗಿಸಿದ ಮೇಲೆಯೇ ಪ್ರೈಮರ್.

ಹಳೆಯ ಬಣ್ಣವನ್ನು ಗ್ರೈಂಡರ್ ಹಿಡಿದು ಒಂದೇ ಸಲ ಕಿತ್ತುಹಾಕುವ ಮುಂಚೆ ಎರಡು ಕಾರಣಕ್ಕೆ ನಿಲ್ಲಿ. ಒಂದು, ತಳದ ಪದರದಲ್ಲಿ ಸೀಸ ಇರಬಹುದು. ಒಣ ಧೂಳೆಬ್ಬಿಸದೆ ಒದ್ದೆಯಾಗಿ ಉಜ್ಜಿ, ಮುಖಗವಸು ಹಾಕಿ. ಎಕ್ಸಾಸ್ಟ್ ಕೊಳವೆಗೆ ಸುತ್ತಿದ ಹಳೆಯ ಬಿಳಿ ಪಟ್ಟಿ ಆಸ್ಬೆಸ್ಟಾಸ್ ಆಗಿರಬಹುದು, ಅದನ್ನು ತಿಳಿದವರೇ ತೆಗೆಯಲಿ. ಇನ್ನೊಂದು, ಲೋಕೊದ ಆತ್ಮಚರಿತ್ರೆ ಆ ಪದರಗಳಲ್ಲೇ ಇದೆ. ಹುಡ್ ಮೇಲೆ ಮಳೆ ಬಿಸಿಲು ಕಡಿಮೆ ಬಿದ್ದ ಜಾಗ ಹುಡುಕಿ, ರೂಪಾಯಿ ನಾಣ್ಯದಷ್ಟು ಜಾಗವನ್ನು 400ರ, ಆಮೇಲೆ 600ರ ವಾಟರ್ ಪೇಪರಿನಿಂದ ಗುಂಡಗೆ ಉಜ್ಜುತ್ತ ಹೋಗಿ. ನಡುವೆ ಕಬ್ಬಿಣ ಕಾಣುವ ಹೊತ್ತಿಗೆ ಸುತ್ತ ಮರದ ಉಂಗುರಗಳಂತೆ ಒಂದೊಂದು ಕಾಲದ ಬಣ್ಣವೂ ತೆರೆದುಕೊಂಡಿರುತ್ತದೆ. ಒಳಗಿನದು ಮೊದಲ ಬಣ್ಣ. ಒದ್ದೆ ಮಾಡಿ ಫೋಟೊ ತೆಗೆದರೆ ನಿಜಬಣ್ಣ ಬರುತ್ತದೆ. ಆ ಗುಂಡು ಗುರುತಿನ ಮೇಲೆ ಹೊಸ ಬಣ್ಣ ಬಳಿಯದೆ ಪಾರದರ್ಶಕ ವಾರ್ನಿಷ್ ಹಾಕಿ ಉಳಿಸಿದರೆ, ವಿವರಣೆ ಫಲಕಕ್ಕಿಂತ ಚೆನ್ನಾಗಿ ಮಾತಾಡುತ್ತದೆ.

ನಂಬರ್, ಶೆಡ್ ಹೆಸರು ಕೈಯಲ್ಲಿ ಬರೆದವಾಗಿದ್ದರೆ ಕಂಪ್ಯೂಟರ್ ಅಕ್ಷರದ ಸ್ಟಿಕ್ಕರ್ ಅಂಟಿಸಬೇಡಿ. ಟ್ರೇಸಿಂಗ್ ಕಾಗದದ ಮೇಲೆ ಅಚ್ಚು ಎತ್ತಿಕೊಂಡು, ಹಲಗೆ ಬರೆಯುವ ಕಲಾವಿದರಿಂದಲೇ ಮತ್ತೆ ಬರೆಸಿ. ಇನ್ನು ತಯಾರಕರ ಹಿತ್ತಾಳೆ ಫಲಕ. ಬಫಿಂಗ್ ಚಕ್ರಕ್ಕೆ ಕೊಟ್ಟರೆ ಅಕ್ಷರಗಳ ಏಣು ಸವೆದು ಕಾಲು ಇಂಚಿನ ಇತಿಹಾಸ ಧೂಳಾಗುತ್ತದೆ. ಸಾಬೂನು ನೀರು, ಮೆತ್ತನೆ ಬ್ರಶ್ ಸಾಕು.

ಪುಟ್ಟಿ ಬಳಿದು ನಯಗೊಳಿಸುವ ಚಪಲ ನಮ್ಮವರಿಗೆ ಜಾಸ್ತಿ. ತುಕ್ಕಿನ ಮೇಲೆ ಹಚ್ಚಿದ ಪುಟ್ಟಿ ತುಕ್ಕಿಗೆ ಚಾದರ ಹೊದಿಸಿದಂತೆ. ಎರಡನೆಯ ಬೇಸಿಗೆಗೆ ಗುಳ್ಳೆಯೆದ್ದು ಕಳಚುತ್ತದೆ. ಕಬ್ಬಿಣ ಹೊಳೆಯುವವರೆಗೆ ತೆಗೆದು, ನಾಲ್ಕು ಗಂಟೆಯೊಳಗೆ ಜಿಂಕ್ ಫಾಸ್ಫೇಟ್ ಎಪಾಕ್ಸಿ ಪ್ರೈಮರ್ ಎರಡು ಕೈ, ಆಮೇಲೆ ಅಗತ್ಯವಿದ್ದಲ್ಲಿ ಮಾತ್ರ ತೆಳು ಪುಟ್ಟಿ. ಲೋಕೊದ ತಗಡು ಹೊಸದಿದ್ದಾಗಲೂ ಕನ್ನಡಿಯಂತಿರಲಿಲ್ಲ. ವೆಲ್ಡಿಂಗ್ ಸೊಟ್ಟ, ಸಣ್ಣ ತಗ್ಗು ಅದರ ಗುಣವೇ.

ಓಡುವ ಲೋಕೊ ಇದ್ದ ಮ್ಯೂಸಿಯಂಗಳಿಗೆ ಒಂದು ಮಾತು ಉಳಿದಿದೆ. ಭಾನುವಾರ ಜನರಿಗೆ ಸದ್ದು ಕೇಳಿಸಲೆಂದು ಬೆಳಗ್ಗೆಯಿಂದ ಸಂಜೆವರೆಗೆ ಐಡಲ್‌ನಲ್ಲಿ ಬಿಡುವುದು ಆಲ್ಕೊ ಎಂಜಿನ್‌ಗೆ ಕೆಟ್ಟದ್ದು. ಭಾರವಿಲ್ಲದೆ ಸಿಲಿಂಡರ್ ಕಾಯುವುದಿಲ್ಲ. ಅರೆಸುಟ್ಟ ಡೀಸೆಲ್, ರಿಂಗ್ ದಾಟಿ ಬಂದ ಎಣ್ಣೆ ಎರಡೂ ಮ್ಯಾನಿಫೋಲ್ಡ್‌ನಲ್ಲಿ ಜಿಡ್ಡಾಗಿ ಕೂರುತ್ತವೆ. ಸಂಜೆ ಯಾರೋ ಗತ್ತಿಗೆ ಕಂಟ್ರೋಲರನ್ನು ಎಂಟನೇ ನಾಚ್‌ಗೆ, ಅಂದರೆ ಪೂರ್ತಿ ಶಕ್ತಿಗೆ, ಏರಿಸಿದರೆ ಆ ಜಿಡ್ಡಿಗೆ ಬೆಂಕಿ ಹತ್ತಿ ಚಿಮಣಿಯಿಂದ ಜ್ವಾಲೆ ಬರುತ್ತದೆ. ಮೊಬೈಲ್ ಹಿಡಿದು ನಿಂತವರು ಚಪ್ಪಾಳೆ ತಟ್ಟುತ್ತಾರೆ, ಟರ್ಬೊ ಹಾಳಾಗುತ್ತದೆ. ನಾಚ್ ಏರಿಸಿದಾಗ ಎರಡು ಕ್ಷಣ ಕಪ್ಪು ಹೊಗೆ ಬರುವುದು ಟರ್ಬೊ ವೇಗ ಹಿಡಿಯುವವರೆಗಿನ ಸಹಜ ಗುಣ. ಬಿಡದೆ ಕಪ್ಪಿದ್ದರೆ ಏರ್ ಫಿಲ್ಟರ್ ಅಥವಾ ನಾಝಲ್ ನೋಡಿ. ನೀಲಿಯಿದ್ದರೆ ಎಣ್ಣೆ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿಯಿದ್ದರೆ ನೀರು. ತಿಂಗಳಿಗೊಮ್ಮೆ ಅರ್ಧ ಗಂಟೆ, ನಾಲ್ಕು ಬೋಗಿ ಕಟ್ಟಿ ಎಳೆಸಿ ಅಥವಾ ಜನರೇಟರಿನ ವಿದ್ಯುತ್ತನ್ನು ಶಾಖವಾಗಿ ಕಳೆಯುವ ಲೋಡ್ ಬಾಕ್ಸ್‌ಗೆ ಜೋಡಿಸಿ ಬೆವರಿಳಿಸಿ. ನಿಲ್ಲಿಸಿ, ಟರ್ಬೊ ತಿರುಗುವುದು ನಿಂತು ಕೊಳವೆ ತಣ್ಣಗಾದ ಮೇಲೆ ಮುಚ್ಚಳ ಹಾಕಿ, ಹೊಸ ದಿನಾಂಕ ಬರೆದ ಕೆಂಪು ಚೀಟಿ ಕಟ್ಟಿ.